ಶಿಶಿರದ ಕಾಡು, ಅವಗೆಂಪು ಫಿಲ್ಮು: ಕಳಂಬೋಲಿ–ಕರ್ನಾಳ ಪರಿಸರದ ಚಳಿಗಾಲದ ಛಾಯಾಗ್ರಹಣವನ್ನು ಕುರಿತು

ಅವಗೆಂಪು ಕಿರಣಕ್ಕೆ ಸ್ಪಂದಿಸುವ ಕಪ್ಪು-ಬಿಳುಪು ಫಿಲ್ಮಿನಲ್ಲಿ ಹಸಿರೆಲೆ ಸುಣ್ಣ ಬಳಿದಂತೆ ಬೆಳ್ಳಗೆ ಮೂಡುತ್ತದೆ, ನೀಲಿ ಆಕಾಶ ಕಾಡಿಗೆಗಪ್ಪಾಗುತ್ತದೆ. ಯುರೋಪು ಅಮೆರಿಕಗಳ ಅನುಭವದಿಂದ ಬಂದ ತಿಳಿವಳಿಕೆ ಈ ಫಿಲ್ಮನ್ನು ಬೇಸಿಗೆಯದೆಂದೇ ಎಣಿಸಿದೆ. ಚಳಿಗಾಲದಲ್ಲಿ ಅಲ್ಲಿನ ಅಗಲೆಲೆಯ ಮರಗಳು ಬೋಳಾಗಿರುತ್ತವೆ, ಸೂರ್ಯ ದಿಗಂತದ ಅಂಚಿನಲ್ಲೇ ಹರಿದಾಡಿ ಮುಳುಗುತ್ತಾನೆ. ಬೆಳ್ಳಗಾಗಲು ಎಲೆ ಇಲ್ಲ, ಎಲೆಯನ್ನು ಬೆಳಗಲು ಬಿಸಿಲೂ ಇಲ್ಲವೆಂದ ಮೇಲೆ ಫಿಲ್ಮು ದಂಡ ಎಂಬ ಆ ತರ್ಕದಲ್ಲಿ ತಪ್ಪಿಲ್ಲ. ಆದರೆ ಆ ತರ್ಕ ಹುಟ್ಟಿದ ಅಕ್ಷಾಂಶವನ್ನು ಮರೆತು ಅದನ್ನೇ ನಮ್ಮ ಕಾಡಿಗೂ ಅನ್ವಯಿಸಿಕೊಂಡು ಬಂದಿದ್ದೇವೆ. ಸಹ್ಯಾದ್ರಿಯ ಪಡುವಣ ತಪ್ಪಲಿನಲ್ಲಿ, ಅದರಲ್ಲೂ ಕಳಂಬೋಲಿಯ ಸುತ್ತಲಿನ ಕಾಡು ಮತ್ತು ಖಾರಿಗಳಲ್ಲಿ, ಈ ಫಿಲ್ಮು ಅತಿ ಹೆಚ್ಚು ವಿಷಯ ಹೇಳುವುದು ಚಳಿಗಾಲದಲ್ಲೇ ಎಂಬುದು ಈ ಲೇಖನದ ವಾದ. ಕಾಡಿನ ಅರ್ಧ ಎಲೆ ಕಳಚಿ ಉಳಿದರ್ಧ ಎಲೆ ಹೊತ್ತು ನಿಂತಿರುವ ಹೊತ್ತಿನಲ್ಲಿ, ಯಾವ ಮರ ಯಾವ ಪಾಲಿಗೆ ಸೇರಿದ್ದೆಂಬುದನ್ನು ಈ ಫಿಲ್ಮಿನಷ್ಟು ಸ್ಪಷ್ಟವಾಗಿ ಸಾಮಾನ್ಯ ಫಿಲ್ಮು ಹೇಳಲಾರದು.

ಕಳಂಬೋಲಿ ಎಂದೊಡನೆ ನೆನಪಾಗುವುದು ಕಬ್ಬಿಣ-ಉಕ್ಕಿನ ಮಾರುಕಟ್ಟೆ, ಲಾರಿಗಳ ಸಾಲು, ಪುಣೆಯತ್ತ ಹೊರಡುವ ಎಕ್ಸ್‌ಪ್ರೆಸ್ ಹೆದ್ದಾರಿಯ ಮೊದಲ ಮೈಲಿಗಲ್ಲು. ರಾಯಗಡ ಜಿಲ್ಲೆಯ ಪನವೇಲ್ ತಾಲ್ಲೂಕಿನ ಈ ಊರು 1970ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ನಿಗಮ ಸಿಡ್ಕೋ ಕಟ್ಟಿದ ಬಡಾವಣೆಗಳಲ್ಲಿ ಒಂದು. ಆದರೆ ಊರಿನ ಒಂದು ಕಡೆಗೆ ಪನವೇಲ್ ಖಾರಿಯ ಕಾಂಡ್ಲಾ ಕಾಡು ಇದೆ. ಇನ್ನೊಂದು ಕಡೆ, ಪನವೇಲಿನಿಂದ ಗೋವಾ, ಕಾರವಾರ, ಉಡುಪಿ, ಮಂಗಳೂರುಗಳ ಕಡೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 66 ಹನ್ನೆರಡು ಕಿಲೋಮೀಟರಿನಷ್ಟು ದೂರದಲ್ಲೇ ಕರ್ನಾಳ ಪಕ್ಷಿಧಾಮವನ್ನು ಸೀಳಿಕೊಂಡು ಹೋಗುತ್ತದೆ. 1968ರಲ್ಲಿ ಘೋಷಿತವಾದ ಈ ಧಾಮದ ಇಂದಿನ ವಿಸ್ತೀರ್ಣ ಸುಮಾರು 12 ಚದರ ಕಿಲೋಮೀಟರು. ಹೆಬ್ಬೆರಳೆತ್ತಿದಂತಿರುವ ಕರ್ನಾಳ ಕೋಟೆಯ ಬಸಾಲ್ಟ್ ಕಂಬ ಅದರ ನೆತ್ತಿ. ಇಲ್ಲಿರುವುದು ತೇವಾಂಶವುಳ್ಳ ಎಲೆಯುದುರುವ ಕಾಡು. ಮರಾಠಿಯಲ್ಲಿ ಪಾಂಗಾರಾ ಎನ್ನುವುದು ನಮ್ಮ ಹಾಲುವಾಣ, ಉಂಬರ ನಮ್ಮ ಅತ್ತಿ, ನಾಣಾ ನಮ್ಮ ನಂದಿ, ಸಾಗ ನಮ್ಮ ತೇಗ. ಹೆಸರು ಬೇರೆ ಬೇರೆಯಾದರೂ ಮರ ಒಂದೇ, ಋತುಚಕ್ರವೂ ಹೆಚ್ಚುಕಡಿಮೆ ಒಂದೇ. ದಾಂಡೇಲಿಯ ಅಥವಾ ಭದ್ರೆಯ ಕಾಡನ್ನು ಬಲ್ಲ ಕನ್ನಡಿಗನಿಗೆ ಕರ್ನಾಳ ಅಪರಿಚಿತವೆನಿಸದು.

ನಮ್ಮ ಪಂಚಾಂಗ ಚಳಿಗಾಲವನ್ನು ಒಂದೇ ಋತುವೆಂದು ಎಣಿಸಿಲ್ಲ ಎಂಬುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮಾರ್ಗಶಿರ-ಪುಷ್ಯಗಳ ಹೇಮಂತ ಬೇರೆ, ಮಾಘ-ಫಾಲ್ಗುಣಗಳ ಶಿಶಿರ ಬೇರೆ. ಎಲೆಯುದುರುವಿಕೆಯನ್ನು ಶಿಶಿರದ ಲಕ್ಷಣವೆಂದೇ ಹೇಳುತ್ತ ಬಂದಿದ್ದೇವೆ. ಹೇಮಂತದಲ್ಲಿ ಕರ್ನಾಳದ ತೇಗದ ಎಲೆ ಹಳದಿಗೆ ತಿರುಗುತ್ತಿದ್ದರೂ ಮರ ಇನ್ನೂ ತುಂಬಿರುತ್ತದೆ. ಶಿಶಿರ ಕಾಲಿಟ್ಟಂತೆ ಒಂದೊಂದು ಜಾತಿ ತನ್ನ ತನ್ನ ಹೊತ್ತಿಗೆ ಬರಿದಾಗುತ್ತದೆ. ಹಾಲುವಾಣವೂ ಬೂರುಗವೂ ಎಲೆಯಿಲ್ಲದ ಕೊಂಬೆಯಲ್ಲಿ ಹೂವು ಬಿಡುತ್ತವೆ. ಮಾವು ವರ್ಷವಿಡೀ ಎಲೆ ಹೊತ್ತಿರುತ್ತದೆ. ನೀರಿನ ಪಸೆಯಿರುವ ಕಡೆ ಅತ್ತಿಯೂ ಸುಲಭಕ್ಕೆ ಬೋಳಾಗುವುದಿಲ್ಲ. ಯುರೋಪಿನ ಕಾಡಿನಂತೆ ಇಡೀ ಕಾಡು ಒಟ್ಟಿಗೆ ಬೆತ್ತಲಾಗುವುದು ಇಲ್ಲಿಲ್ಲ. ಈ ಏರುಪೇರನ್ನೇ ಅವಗೆಂಪು ಫಿಲ್ಮು ಹಿಡಿಯುತ್ತದೆ.

ಹಿಡಿಯುವ ಬಗೆಯನ್ನು ತಿಳಿಯಲು ಎಲೆಯೊಳಗೆ ಇಣುಕಬೇಕು. ಕೆಂಪಿನ ಆಚೆ ಕಾಣದ ಕಿರಣವಿದೆಯೆಂದು ವಿಲಿಯಂ ಹರ್ಷೆಲ್ 1800ರಲ್ಲೇ ಉಷ್ಣಮಾಪಕದಿಂದ ಕಂಡುಕೊಂಡಿದ್ದರು. ಆ ಬೆಳಕಿನಲ್ಲಿ ತೆಗೆದ ನಿಸರ್ಗದೃಶ್ಯಗಳನ್ನು 1910ರಲ್ಲಿ ಪ್ರಕಟಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಎಲೆ ಬೆಳ್ಳಗಾಗುವುದಕ್ಕೆ ‘ವುಡ್ ಪರಿಣಾಮ’ ಎಂಬ ಹೆಸರು ಬಂದದ್ದು ಅವರಿಂದ. ಪತ್ರಹರಿತ್ತು ತಾನೇ ಬೆಳಕು ಸೂಸುವುದರಿಂದ ಹೀಗಾಗುತ್ತದೆಂಬ ನಂಬಿಕೆ ಇಂದಿಗೂ ಹಲವರಲ್ಲಿದೆ. ನಿಜವಾದ ಕಾರಣ ಎಲೆಯ ರಚನೆಯಲ್ಲಿದೆ. ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ. ಸುಮಾರು 700 ನ್ಯಾನೊಮೀಟರ್ ದಾಟಿದ ಮೇಲೆ ಅದಕ್ಕೆ ಹೀರುವ ಶಕ್ತಿಯಿಲ್ಲ. ಆಗ ಬೆಳಕು ಎಲೆಯ ಒಳಪದರಕ್ಕೆ ನುಗ್ಗಿ, ಜೀವಕೋಶದ ಭಿತ್ತಿಗೂ ನಡುವಿನ ಗಾಳಿಯ ಸಂದಿಗೂ ತಾಗಿ ದಿಕ್ಕುದಿಕ್ಕಿಗೆ ಚದುರುತ್ತದೆ. ಬಿದ್ದ ಬೆಳಕಿನಲ್ಲಿ ಅರ್ಧದಷ್ಟು ಹೀಗೆ ಹೊರಕ್ಕೆ ಮರಳುತ್ತದೆ. ಒಂದು ಎಲೆಯನ್ನು ತೂರಿದ ಬೆಳಕು ಕೆಳಗಿನ ಎಲೆಗೆ ಬಡಿದು ಅಲ್ಲಿಂದಲೂ ಮರಳುವುದರಿಂದ, ಎಲೆ ದಟ್ಟವಾದಷ್ಟೂ ಮರ ಬೆಳ್ಳಗಾಗುತ್ತದೆ. ಫಿಲ್ಮಿನ ಬಿಳುಪು ಹೀಗೆ ಎಲೆಯ ರಾಶಿಗೆ ಒಂದು ಬಗೆಯ ಅಳತೆಯಾಗುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲೇ ಉತ್ತರ ಅಮೆರಿಕದ ಅರಣ್ಯ ಸಮೀಕ್ಷಕರು ವಿಮಾನದಿಂದ ತೆಗೆದ ಅವಗೆಂಪು ಚಿತ್ರಗಳಲ್ಲಿ ಸೂಜಿ ಎಲೆಯ ಮರಗಳನ್ನು ಅವುಗಳ ಗಾಢಛಾಯೆಯಿಂದಲೂ ಅಗಲೆಲೆಯ ಮರಗಳನ್ನು ಅವುಗಳ ಬಿಳುಪಿನಿಂದಲೂ ಗುರುತಿಸುತ್ತಿದ್ದರು. ಛಾಯೆಯನ್ನು ಕಾಡಿನ ರಚನೆಗೆ ಸಾಕ್ಷಿಯಾಗಿ ಓದುವುದು ಹೊಸ ಮಾತೇನಲ್ಲ.

ಈಗ ಎರಡು ಚಳಿಗಾಲಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಡಿಸೆಂಬರ್ 22ರ ನಡುಹಗಲಿಗೆ ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಮೇಲಿದ್ದರೆ, 19 ಡಿಗ್ರಿ ಅಕ್ಷಾಂಶದ ಕಳಂಬೋಲಿಯಲ್ಲಿ 47 ಡಿಗ್ರಿಗೂ ಮೇಲಿರುತ್ತಾನೆ. ಇಲ್ಲಿನ ಚಳಿಗಾಲಕ್ಕೆ ಬೆಳಕಿನ ಬಡತನವಿಲ್ಲ. ಇನ್ನೂ ಮುಖ್ಯವಾದ ವ್ಯತ್ಯಾಸ ನೆಲದಲ್ಲಿದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಮರ ಬೋಳು, ಹುಲ್ಲು ಹಸಿರು. ಅವಗೆಂಪು ಚಿತ್ರದಲ್ಲಿ ನೆಲ ಬೆಳ್ಳಗಾಗಿ ಮರಗಳು ಅದರ ಮೇಲಿನ ಕರಿಗೀರುಗಳಾಗುತ್ತವೆ. ಕೊಂಕಣದಲ್ಲಿ ಮಳೆ ನಿಂತ ಎರಡು ತಿಂಗಳಿಗೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಜೀವಂತ ಹಸಿರು ಉಳಿದಿರುವುದು ಮರದ ನೆತ್ತಿಯಲ್ಲಿ, ತೊರೆಯ ದಂಡೆಯಲ್ಲಿ, ಕಾಂಡ್ಲಾ ಕಾಡಿನಲ್ಲಿ. ಹಾಗಾದರೆ ಮಳೆಗಾಲ ಇನ್ನೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ನೇರ ಬಿಸಿಲನ್ನು ಮರೆಮಾಡುತ್ತದೆ ಎಂಬುದನ್ನು ಬದಿಗಿಟ್ಟರೂ, ಆಗ ಬಂಡೆಯ ಬಿರುಕಿನಿಂದ ಬೆಟ್ಟದ ನೆತ್ತಿಯವರೆಗೆ ಎಲ್ಲವೂ ಹಸಿರು, ಆದ್ದರಿಂದ ಎಲ್ಲವೂ ಬಿಳಿ. ನೋಡಲು ಸೊಗಸಾದ ಆ ಚಿತ್ರದಲ್ಲಿ ಮಾವನ್ನೂ ತೇಗವನ್ನೂ ಬೇರ್ಪಡಿಸುವ ಗೆರೆಯೇ ಇರುವುದಿಲ್ಲ.

ನನ್ನ ವಾದಕ್ಕೆ ಎದುರಾಗುವ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಒಣಗಿದ ಹುಲ್ಲು, ತರಗೆಲೆ, ಮರದ ತೊಗಟೆ ಇವೂ ಅವಗೆಂಪು ಬೆಳಕನ್ನು ಸಾಕಷ್ಟು ಮರಳಿಸುತ್ತವೆ. ಪತ್ರಹರಿತ್ತು ಅಳಿದ ಮೇಲೂ ಎಲೆಯ ಒಳರಚನೆ ಕೆಲಕಾಲ ಉಳಿದಿರುವುದರಿಂದ ಹಳದಿ ಎಲೆ ಹಸಿರೆಲೆಯಷ್ಟೇ ಬೆಳ್ಳಗಿರಬಲ್ಲದು. ಹೀಗಿರುವಾಗ ಬಿಳಿಯೆಲ್ಲ ಜೀವಂತ ಎಲೆ, ಬೂದುಬಣ್ಣವೆಲ್ಲ ಬೋಳು ಮರ ಎಂದು ಓದಿದರೆ ಮೋಸಹೋಗುತ್ತೇವೆ. ಈ ಆಕ್ಷೇಪವನ್ನು ಪೂರ್ತಿ ಒಪ್ಪಿಕೊಳ್ಳಬೇಕು. ಒಂಟಿ ಅವಗೆಂಪು ಚಿತ್ರ ಸಾಕ್ಷಿಯಾಗಿ ನಿಲ್ಲಲಾರದು. ಅದಕ್ಕೆ ಜೋಡಿ ಬೇಕು. ಅದೇ ಜಾಗದಿಂದ, ಅದೇ ಹೊತ್ತಿನಲ್ಲಿ, ಸುಮಾರು 650 ನ್ಯಾನೊಮೀಟರಿಗೆ ಕುರುಡಾಗುವ ಸಾಮಾನ್ಯ ಕಪ್ಪು-ಬಿಳುಪು ಫಿಲ್ಮಿನ ಮೇಲೆ ಗಾಢ ಕೆಂಪು ಫಿಲ್ಟರಿನ ಮೂಲಕ ಇನ್ನೊಂದು ಚಿತ್ರ ತೆಗೆಯಬೇಕು. ಹಸಿರೆಲೆ ಕೆಂಪು ಬೆಳಕಿನ ಚಿತ್ರದಲ್ಲಿ ಕಪ್ಪು, ಅವಗೆಂಪಿನಲ್ಲಿ ಬಿಳಿ. ಒಣಹುಲ್ಲೂ ಹಳದಿ ಎಲೆಯೂ ಎರಡರಲ್ಲೂ ತಿಳಿಛಾಯೆ. ಎರಡರಲ್ಲೂ ಕಪ್ಪಾಗಿಯೇ ಉಳಿಯುವುದು ಬಸಾಲ್ಟ್ ಬಂಡೆ, ಆ ಶಿಲೆ ಈ ಎರಡೂ ಬೆಳಕನ್ನು ಕಡಿಮೆಯಾಗಿಯೇ, ಹೆಚ್ಚುಕಡಿಮೆ ಸಮನಾಗಿ ಮರಳಿಸುವುದರಿಂದ. ಕರ್ನಾಳದ ಭಾಗ್ಯವೆಂದರೆ ಆ ಬಂಡೆ ಕಾಡಿನ ಎಲ್ಲ ಕಡೆಯಿಂದಲೂ ಕಾಣುತ್ತದೆ. ಅದನ್ನು ಚೌಕಟ್ಟಿನ ಮೂಲೆಯಲ್ಲಿ ಸೇರಿಸಿಕೊಂಡರೆ ಪ್ರತಿ ನೆಗೆಟಿವ್ ತನ್ನ ಅಳತೆಗೋಲನ್ನು ತಾನೇ ಹೊತ್ತಿರುತ್ತದೆ. ಒಂದು ವರ್ಷದ ಚಿತ್ರವನ್ನು ಮತ್ತೊಂದು ವರ್ಷದ್ದಕ್ಕೆ ಹೋಲಿಸಲು ನೆಲೆ ಸಿಗುತ್ತದೆ.

ಚಳಿಗಾಲದ ಮಬ್ಬಿನ ಪ್ರಶ್ನೆಯೂ ಇದೆ. ಅವಗೆಂಪು ಮಬ್ಬನ್ನು ಭೇದಿಸುತ್ತದೆಂಬ ಮಾತು ಅರ್ಧ ನಿಜ. ಬೆಳಕಿನ ತರಂಗದೂರಕ್ಕಿಂತ ತೀರ ಚಿಕ್ಕ ಕಣಗಳು ನೀಲಿಯನ್ನು ಹೆಚ್ಚು, ಅವಗೆಂಪನ್ನು ಬಹಳ ಕಡಿಮೆ ಚದುರಿಸುತ್ತವೆ. ದೂರದ ಬೆಟ್ಟ ಸ್ಫುಟವಾಗುವುದು, ಆಕಾಶ ಕಪ್ಪಾಗುವುದು ಅದರಿಂದ. ಮಂಜಿನ ಹನಿ, ರಸ್ತೆಯ ಧೂಳು ಇವು ದೊಡ್ಡ ಕಣಗಳು. ಅವುಗಳೆದುರು ಅವಗೆಂಪಿಗೆ ವಿಶೇಷ ಬಲವಿಲ್ಲ. ಲಾರಿಗಳ ಧೂಳೂ ಬೆಳಗಿನ ತಣ್ಣನೆಯ ಗಾಳಿಯೂ ಸೇರಿ ನೆಲಮಟ್ಟದಲ್ಲಿ ಹೆಪ್ಪುಗಟ್ಟುವ ಕಳಂಬೋಲಿಯಲ್ಲಿ ನಿಂತು ದೂರದ ಮಾಥೇರಾನ್ ಬೆಟ್ಟವನ್ನು ತೆಗೆಯಹೊರಟವರಿಗೆ ನಿರಾಶೆಯೇ ಗತಿ. ಗಾಳಿ ಬಿಸಿಯೇರಿ ಮೇಲೆದ್ದ ನಂತರದ ನಡುಹಗಲಿನಲ್ಲಿ, ಕಿಲೋಮೀಟರಿನೊಳಗಿನ ಇಳಿಜಾರನ್ನು ಆರಿಸಿಕೊಂಡರೆ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಖಾರಿಯಲ್ಲಿ ಬೇರೊಂದು ಎಚ್ಚರ ಬೇಕು. ತಿಳಿನೀರು ಅವಗೆಂಪನ್ನು ಹೀರಿ ಮಸಿಯಂತಾಗುತ್ತದೆ, ಕೆಸರು ಕದಡಿದ ನೀರು ಬೂದಾಗುತ್ತದೆ. ಮಳೆಯ ಕೆಂಪುನೀರು ಇಳಿದ ಚಳಿಗಾಲದಲ್ಲಿ, ಭರತ ತುಂಬಿ ನಿಂತ ಹೊತ್ತಿನಲ್ಲಿ, ಕಾಂಡ್ಲಾ ಕಾಡಿನ ಅಂಚು ಕಪ್ಪು ನೀರಿನೆದುರು ಬಿಳಿಗೆರೆಯಾಗಿ ನಿಲ್ಲುವುದು ಹೆಚ್ಚು ಖಚಿತ.

ಉಪಗ್ರಹಗಳು ಇರುವಾಗ ಫಿಲ್ಮಿನ ಈ ಪಾಡೇಕೆ ಎಂದು ಕೇಳುವವರಿದ್ದಾರೆ. ಕೆಂಪು ಮತ್ತು ಅವಗೆಂಪನ್ನು ಜೋಡಿಸಿ ಹಸಿರನ್ನು ಅಳೆಯುವ ಉಪಾಯವನ್ನು ಉಪಗ್ರಹಗಳೇ ಲೋಕಪ್ರಸಿದ್ಧಗೊಳಿಸಿದವು. 1988ರ ಮಾರ್ಚ್ 17ರಂದು ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲಿ 620ರಿಂದ 680 ನ್ಯಾನೊಮೀಟರಿನ ಕೆಂಪು ಪಟ್ಟಿಯೂ 770ರಿಂದ 860ರ ಅವಗೆಂಪು ಪಟ್ಟಿಯೂ ಇದ್ದವು. ಆದರೆ ಭಾರತದ ದೂರಸಂವೇದನೆ ಆರಂಭವಾದದ್ದು ಫಿಲ್ಮಿನಿಂದಲೇ ಎಂಬುದನ್ನು ಮರೆಯಬಾರದು: 1970ರ ಹೊತ್ತಿಗೆ ಪಿ.ಆರ್. ಪಿಶಾರೋಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ಬೇರುಸೊರಗು ರೋಗವನ್ನು ಆಕಾಶದಿಂದ ಗುರುತಿಸಿದ್ದು ಬಣ್ಣದ ಅವಗೆಂಪು ಫಿಲ್ಮಿನಲ್ಲಿ. ಐಆರ್‌ಎಸ್-1ಎಯ ಸೂಕ್ಷ್ಮತರ ಕ್ಯಾಮೆರಾದ ಒಂದು ಬಿಂದು ನೆಲದ ಮೇಲಿನ ಸುಮಾರು 36 ಮೀಟರು. ಇಂದಿನ ಸೆಂಟಿನೆಲ್-2ರಲ್ಲಿ ಅದು 10 ಮೀಟರಿಗೆ ಇಳಿದಿದ್ದರೂ ಮಾವಿನ ನೆತ್ತಿಯೂ ಪಕ್ಕದ ತೇಗದ ಬೋಳುಕೊಂಬೆಯೂ ಒಂದೇ ಬಿಂದುವಿನಲ್ಲಿ ಬೆರೆತುಹೋಗಬಹುದು. ಮೇಲಿನಿಂದ ನೋಡುವ ಕಣ್ಣಿಗೆ ನೆತ್ತಿಯ ಕೆಳಗಿನ ಪೊದೆ ಕಾಣುವುದೂ ಇಲ್ಲ. ನೆಲದ ಮೇಲೆ ನಿಂತ ಕ್ಯಾಮೆರಾ ಕೊಂಬೆಕೊಂಬೆಯನ್ನೂ ಬಿಡಿಬಿಡಿಯಾಗಿ ದಾಖಲಿಸುತ್ತದೆ. ಅವಗೆಂಪಿಗೆ ಮಾರ್ಪಡಿಸಿದ ಡಿಜಿಟಲ್ ಕ್ಯಾಮೆರಾ ಇದೇ ಕೆಲಸವನ್ನು ಮಾಡಬಲ್ಲದು, ಅಳತೆಯ ಸೌಕರ್ಯದಲ್ಲಿ ಫಿಲ್ಮಿಗಿಂತ ಮುಂದೆಯೂ ಇದೆ. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಯಾವ ಯಂತ್ರದ ನೆರವೂ ಇಲ್ಲದೆ ಬೆಳಕಿಗೆ ಹಿಡಿದು ನೋಡಬಲ್ಲ ದಾಖಲೆಯಾಗಿ ನೆಗೆಟಿವ್ ಬೇಕೆನ್ನುವುದು ನನ್ನ ಪಕ್ಷ.

ಆ ನೆಗೆಟಿವ್ ಪಡೆಯುವ ದಾರಿ ಈಗ ಕಿರಿದಾಗಿದೆ. ಸುಮಾರು 900 ನ್ಯಾನೊಮೀಟರಿನವರೆಗೆ ಸ್ಪಂದಿಸುತ್ತಿದ್ದ ಕೊಡಾಕ್ ಎಚ್‌ಐಇ 2007ರಲ್ಲಿ ನಿಂತಿತು. ಎಫ್ಕೆ ಐಆರ್820 ತಯಾರಿಸುತ್ತಿದ್ದ ಕ್ರೊಯೇಷಿಯದ ಫೋಟೊಕೆಮಿಕಾ ಕಾರ್ಖಾನೆ 2012ರಲ್ಲಿ ಮುಚ್ಚಿತು. ಇಲ್ಫರ್ಡ್ ಎಸ್‌ಎಫ್‌ಎಕ್ಸ್ 200 ಫಿಲ್ಮಿನ ದೃಷ್ಟಿ 740ಕ್ಕೆ ಮುಗಿಯುವುದರಿಂದ ಎಲೆಯ ಬಿಳುಪು ಏರುತ್ತಿರುವ ಮೆಟ್ಟಿಲಲ್ಲೇ ಅದು ನಿಂತುಬಿಡುತ್ತದೆ. ಸುಮಾರು 820ರವರೆಗೆ ಹೋಗುವ ರೋಲೈ ಇನ್‌ಫ್ರಾರೆಡ್ 400 ಈ ಕೆಲಸಕ್ಕೆ ಮೇಲು. ಎಚ್‌ಐಇ ಹೋದದ್ದಕ್ಕೆ ಮರುಗುವವರು ಅದರ ಕನಸಿನಂಥ ಪ್ರಭೆಯನ್ನು ನೆನೆಯುತ್ತಾರೆ. ಆ ಪ್ರಭೆ ಅವಗೆಂಪಿನ ಗುಣವಾಗಿರಲಿಲ್ಲ. ಫಿಲ್ಮಿನ ಬೆನ್ನಿಗೆ ಪ್ರತಿಫಲನ ತಡೆಯುವ ಲೇಪ ಇಲ್ಲದ್ದರಿಂದ ಬೆಳಕು ಮರಳಿ ಹರಡಿಕೊಳ್ಳುತ್ತಿತ್ತು. ಎಲೆಯ ಅಂಚನ್ನು ಖಚಿತವಾಗಿ ಕಾಣಬೇಕಾದ ಅಧ್ಯಯನಕ್ಕೆ ಆ ಪ್ರಭೆಯ ಅಭಾವ ನಷ್ಟವೇನಲ್ಲ. ರೋಲೈ ಡಬ್ಬಿಯ ಮೇಲೆ 400 ಎಂದಿದ್ದರೂ 720 ನ್ಯಾನೊಮೀಟರಿನ ಹೋಯಾ ಆರ್72 ಫಿಲ್ಟರ್ ಹಾಕಿದ ಮೇಲೆ ಅದನ್ನು 12 ಅಥವಾ 6 ಎಂದೇ ಬಗೆದು, ಅದಕ್ಕಿಂತ ಹೆಚ್ಚಿನ ಮತ್ತು ಕಡಿಮೆಯ ಎಕ್ಸ್‌ಪೋಷರ್‌ಗಳನ್ನೂ ಕೊಡಬೇಕು. ಬೆಳಕಿನ ಮೀಟರು ಅಳೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಕಾಣದ್ದರ ಪ್ರಮಾಣ ಹೊತ್ತಿನಿಂದ ಹೊತ್ತಿಗೆ ಬೇರೆ. ಟ್ರೈಪಾಡ್ ಬೇಕೇಬೇಕು. ಲೆನ್ಸಿನ ಮೇಲೆ ಕೆಂಪು ಗುರುತಿದ್ದರೆ ಫೋಕಸನ್ನು ಅದಕ್ಕೆ ಸರಿಸಬೇಕು. ಪಾಲಿಯೆಸ್ಟರ್ ಹಾಳೆಯ ಅಂಚಿನಿಂದ ಬೆಳಕು ಒಳಗೆ ಹರಿಯುವುದರಿಂದ ಫಿಲ್ಮನ್ನು ನೆರಳಲ್ಲೇ ತುಂಬಬೇಕು.

ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪು ವನ್ಯಚಿತ್ರಗಳಿಂದ ಈಚೆಗೆ ಕನ್ನಡನಾಡಿನ ಕಾಡಿನ ಛಾಯಾಗ್ರಹಣ ಪ್ರಾಣಿಪಕ್ಷಿಗಳ ಕಡೆಗೇ ಹೆಚ್ಚು ಒಲಿದಿದೆ. ಮರಗಳ ಋತುಮಾನಕ್ಕೆ ಅಂಥ ಶ್ರದ್ಧೆ ಸಿಕ್ಕಿಲ್ಲ. ಕಳಂಬೋಲಿಯ ಸುತ್ತಲ ನೆಲವಂತೂ ಕಣ್ಣೆದುರೇ ಬದಲಾಗುತ್ತಿದೆ. ಪಕ್ಕದ ಉಲ್ವೆಯ ಗುಡ್ಡ ಸಮತಟ್ಟಾಗಿ, ನದಿಯ ಹರಿವು ತಿರುಗಿ, 2025ರ ಅಕ್ಟೋಬರ್‌ನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿದೆ. ಈ ಭಾಗದಲ್ಲಿರುವ, ಫಿಲ್ಮು ಬಳಸುವ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೆ: ಕರ್ನಾಳದ ಕಂಬ ಕಾಣುವ ಒಂದು ತಾಣವನ್ನೂ ಖಾರಿಯ ಅಂಚಿನ ಒಂದು ತಾಣವನ್ನೂ ಗೊತ್ತುಮಾಡಿಕೊಳ್ಳಿ, ಹೇಮಂತದಲ್ಲಿ ಒಮ್ಮೆ, ಶಿಶಿರದಲ್ಲಿ ಒಮ್ಮೆ, ಕೆಂಪು-ಅವಗೆಂಪಿನ ಜೋಡಿಚಿತ್ರ ತೆಗೆಯಿರಿ, ದಿನಾಂಕ, ಹೊತ್ತು, ಫಿಲ್ಮು, ಫಿಲ್ಟರು ಇವಿಷ್ಟನ್ನು ನೆಗೆಟಿವ್ ಲಕೋಟೆಯ ಮೇಲೆ ಬರೆದಿಡಿ.