ಡ್ರೈವರ್‌ಗಳ ಡಿಜಿಟಲ್ ಸಹಿ: ತೊಡಕು ಮತ್ತು ಪರಿಹಾರದ ಇತಿಹಾಸ

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗೂ ಪ್ರಿಂಟರ್, ಸ್ಕ್ಯಾನರ್, ಗ್ರಾಫಿಕ್ಸ್ ಕಾರ್ಡ್‌ನಂಥ ಸಾಧನಗಳಿಗೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಅದನ್ನು ಯಾರು ತಯಾರಿಸಿದರು, ತಯಾರಾದ ಮೇಲೆ ಯಾರಾದರೂ ಅದಕ್ಕೆ ಕೈ ಹಾಕಿದ್ದಾರೆಯೇ ಎಂಬ ಎರಡು ಪ್ರಶ್ನೆಗಳಿಗೆ ಗಣಿತದ ಮೂಲಕ ಉತ್ತರ ಕೊಡುವ ಗುರುತೇ ಡ್ರೈವರಿನ ಡಿಜಿಟಲ್ ಸಹಿ. ಸಹಿ ಇಲ್ಲದಿದ್ದರೆ, ಕೆಟ್ಟಿದ್ದರೆ ಅಥವಾ ವ್ಯವಸ್ಥೆಗೆ ಅದನ್ನು ಓದಲು ಬಾರದಿದ್ದರೆ ಸಾಧನ ಸುಮ್ಮನಾಗುತ್ತದೆ. ವಿಂಡೋಸ್ ಬಳಸುವವರಿಗೆ ಈ ತೊಡಕು ಡಿವೈಸ್ ಮ್ಯಾನೇಜರ್‌ನಲ್ಲಿ ಸಾಧನದ ಹೆಸರಿನ ಪಕ್ಕ ಒಂದು ಹಳದಿ ಗುರುತಾಗಿ, ಅದನ್ನು ತೆರೆದರೆ ‘ಕೋಡ್ 52’ ಎಂಬ ಸೂಚನೆಯಾಗಿ ಕಾಣಿಸಿಕೊಳ್ಳುತ್ತದೆ.

ಹೆಸರಿನ ಗೊಂದಲವೊಂದನ್ನು ಮೊದಲೇ ಬಿಡಿಸಬೇಕು. ನಮ್ಮಲ್ಲಿ ಡಿಜಿಟಲ್ ಸಹಿ ಎಂದೊಡನೆ ಗುತ್ತಿಗೆದಾರರಿಗೂ ತೆರಿಗೆ ಸಲಹೆಗಾರರಿಗೂ ನೆನಪಾಗುವುದು ಯುಎಸ್‌ಬಿ ಟೋಕನ್‌ನಲ್ಲಿ ಬರುವ ಡಿಎಸ್‌ಸಿ. ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ವ್ಯಕ್ತಿಗೆ ಕೊಡುವ ಪ್ರಮಾಣಪತ್ರ. ಈ ಲೇಖನದ ವಿಷಯ ತಂತ್ರಾಂಶದ ಕಡತಕ್ಕೆ ಅದರ ತಯಾರಕರು ಹಾಕುವ ಸಹಿ. ಎರಡರ ಹಿಂದಿನ ಗಣಿತ ಒಂದೇ. ಟೋಕನ್ನಿಗೂ ಒಂದು ಡ್ರೈವರ್ ಬೇಕಾದ್ದರಿಂದ, ಟೋಕನ್ ಹಾಕಿದರೂ ಕಂಪ್ಯೂಟರ್ ಗುರುತಿಸುತ್ತಿಲ್ಲ ಎಂಬ ದೂರು ಬಂದಾಗ ಪ್ರಮಾಣಪತ್ರದ ಅವಧಿಯ ಜೊತೆಗೆ ಡ್ರೈವರನ್ನೂ ನೋಡಬೇಕಾಗುತ್ತದೆ.

ಡ್ರೈವರ್‌ಗಳ ಮೇಲೆ ಕಾವಲು ಎಷ್ಟು ಅಗತ್ಯವೆಂಬುದನ್ನು ಲೋಕವೇ ಕಂಡ ಗಳಿಗೆಯೊಂದಿದೆ. 1998ರ ಏಪ್ರಿಲ್ 20ರಂದು ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದರು. ಬಿಡುಗಡೆಗೆ ಎರಡು ತಿಂಗಳಿದ್ದ ವಿಂಡೋಸ್ 98ರ ಪ್ರದರ್ಶನ ನಡೆದಿತ್ತು. ಸಹೋದ್ಯೋಗಿಯೊಬ್ಬರು ಸ್ಕ್ಯಾನರ್ ಒಂದನ್ನು ಕಂಪ್ಯೂಟರಿಗೆ ಜೋಡಿಸಿದರು. ಹೊಸ ಸಾಧನಕ್ಕೆ ಬೇಕಾದ ಡ್ರೈವರನ್ನು ವ್ಯವಸ್ಥೆ ತಾನೇ ತುಂಬಿಕೊಳ್ಳುತ್ತದೆ ಎಂದು ತೋರಿಸುವುದು ಉದ್ದೇಶ. ತೆರೆಯ ಮೇಲೆ ಮೂಡಿದ್ದು ವ್ಯವಸ್ಥೆ ಕುಸಿದಾಗ ಕಾಣುವ ನೀಲಿ ಪರದೆ. ಸಭೆ ನಕ್ಕಿತು. ಆದರೆ ಆ ನೀಲಿ ಪರದೆ ಆಗ ಮನೆಮನೆಯ, ಕಚೇರಿ ಕಚೇರಿಯ ಗೋಳಾಗಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ಕುಸಿತಗಳಲ್ಲಿ ಶೇ. 85ಕ್ಕೆ ಡ್ರೈವರ್‌ಗಳೇ ಕಾರಣ ಎಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2003ರ ಪ್ರಬಂಧವೊಂದರಲ್ಲಿ ಬರೆದರು.

ಕಾರಣ ಡ್ರೈವರ್ ಇರುವ ಜಾಗದಲ್ಲಿದೆ. ಪತ್ರ ಬರೆಯುವ, ಲೆಕ್ಕ ಹಾಕುವ ತಂತ್ರಾಂಶಗಳು ಮನೆಯ ಜಗಲಿಯಲ್ಲಿ ಕೂತು ಹೋಗುವ ಅತಿಥಿಗಳಿದ್ದಂತೆ. ಅವು ಎಡವಿದರೆ ಅವಷ್ಟೇ ಬೀಳುತ್ತವೆ. ಡ್ರೈವರ್‌ಗಳಲ್ಲಿ ಬಹುಪಾಲು ಕರ್ನಲ್ ಎಂಬ ಒಳಮನೆಯಲ್ಲಿ ಓಡಾಡುತ್ತವೆ. ಅಡುಗೆಮನೆ, ತಿಜೋರಿ, ದೇವರ ಕೋಣೆ ಎಲ್ಲಕ್ಕೂ ಅವುಗಳಿಗೆ ದಾರಿಯುಂಟು. ಅಲ್ಲಿ ಒಂದು ತಪ್ಪು ನಡೆದರೆ ಇಡೀ ಮನೆ ನಿಲ್ಲುತ್ತದೆ. ಕೆಟ್ಟ ಉದ್ದೇಶದವರು ಒಳಹೊಕ್ಕರೆ ಅವರನ್ನು ಹಿಡಿಯಬೇಕಾದ ಆ್ಯಂಟಿವೈರಸ್ಸಿನ ಕಣ್ಣಿಗೇ ಮಣ್ಣೆರಚಬಲ್ಲರು.

ಸಹಿಯ ಗಣಿತ 1970ರ ದಶಕದ್ದು. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ 1976ರಲ್ಲಿ ಬಹಿರಂಗ ಕೀಲಿಯ ಗೂಢಲಿಪಿಯನ್ನು ಮುಂದಿಟ್ಟರು. ಮರುವರ್ಷ ರಿವೆಸ್ಟ್, ಶಮೀರ್, ಆ್ಯಡಲ್‌ಮನ್ ಅದಕ್ಕೆ ಬಳಸಬಹುದಾದ ರೂಪ ಕೊಟ್ಟರು. ಮೊದಲು ಕಡತದ ಎಲ್ಲ ಬೈಟ್‌ಗಳನ್ನು ಅರೆದು ‘ಹ್ಯಾಶ್’ ಎಂಬ ಚಿಕ್ಕ ಸಂಖ್ಯೆಯನ್ನು ತೆಗೆಯುತ್ತಾರೆ. ತಯಾರಕರು ತಮ್ಮ ಗುಟ್ಟಿನ ಕೀಲಿಯಿಂದ ಅದಕ್ಕೆ ಮುದ್ರೆ ಒತ್ತುತ್ತಾರೆ. ಬಹಿರಂಗ ಕೀಲಿ ಇರುವ ಯಾರಾದರೂ ಆ ಮುದ್ರೆಯನ್ನು ಪರೀಕ್ಷಿಸಬಹುದು, ಒತ್ತಲು ಮಾತ್ರ ಆಗದು. ಮೈಕ್ರೋಸಾಫ್ಟ್ ಇದನ್ನು 1996ರಲ್ಲಿ ಆಥೆಂಟಿಕೋಡ್ ಎಂಬ ಹೆಸರಿನಲ್ಲಿ ತಂತ್ರಾಂಶಗಳಿಗೆ ಅಳವಡಿಸಿತು. ಡ್ರೈವರ್ ಒಂದೇ ಕಡತವಲ್ಲವಾದ್ದರಿಂದ ಅದರ ಕಟ್ಟಿನಲ್ಲಿರುವ ಕಡತಗಳ ಹ್ಯಾಶ್‌ಗಳನ್ನು ‘ಕ್ಯಾಟಲಾಗ್’ ಎಂಬ ಪಟ್ಟಿಯಲ್ಲಿ ಬರೆದು, ಆ ಪಟ್ಟಿಗೆ ಸಹಿ ಹಾಕುವ ಪದ್ಧತಿ ಬಂತು. ಮುಂದೆ ಕಾಣುವ ಅನೇಕ ತೊಡಕುಗಳ ಎಳೆ ಈ ಪಟ್ಟಿಯಲ್ಲಿದೆ.

ವಿಂಡೋಸ್ 2000ದಲ್ಲಿ ಸಹಿಯಿಲ್ಲದ ಡ್ರೈವರ್ ಬಂದರೆ ಏನು ಮಾಡಬೇಕೆಂದು ಬಳಕೆದಾರರೇ ಆರಿಸಬಹುದಿತ್ತು: ಲೆಕ್ಕಿಸದಿರು, ಎಚ್ಚರಿಸು, ತಡೆ. 2001ರ ಎಕ್ಸ್‌ಪಿ ಅದೇ ಜಾಡಿನಲ್ಲಿ ನಡೆದು, ಮೈಕ್ರೋಸಾಫ್ಟ್ ಸಹಿ ಹಾಕುವ ಮುನ್ನ ನಡೆಯಬೇಕಾದ ವಿಂಡೋಸ್ ಲೋಗೋ ಪರೀಕ್ಷೆಯಲ್ಲಿ ಈ ತಂತ್ರಾಂಶ ತೇರ್ಗಡೆಯಾಗಿಲ್ಲ ಎಂಬ ದೊಡ್ಡ ಎಚ್ಚರಿಕೆಯನ್ನು ತೋರಿಸಿತು. ಅದರ ಕೆಳಗೇ ‘ಆದರೂ ಮುಂದುವರಿಸು’ ಎಂಬ ಗುಂಡಿಯೂ ಇತ್ತು. ಪರೀಕ್ಷೆಯ ಖರ್ಚು, ಕಾಲ ಉಳಿಸಲು ಬಯಸಿದ ತಯಾರಕರು ತಮ್ಮ ಕೈಪಿಡಿಗಳಲ್ಲೇ ಆ ಗುಂಡಿಯ ಚಿತ್ರ ಅಚ್ಚುಹಾಕಿ ಇದನ್ನು ಒತ್ತಿ ಎಂದರು. ಎಚ್ಚರಿಕೆಗೆ ಇದ್ದ ಮಾನ ಹೋದದ್ದು ಹೀಗೆ. ಇಂದಿಗೂ ಸಹಿಯ ತೊಡಕು ಬಂದಾಗ ಮೊದಲು ಕಾವಲನ್ನು ತೆಗೆಯಲು ಹೊರಡುವ ಚಾಳಿ ಆ ಕಾಲದ್ದು.

ಗಾಳಿ ಬದಲಾದದ್ದು 2005ರಲ್ಲಿ. ಆ ವರ್ಷದ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ತಮ್ಮ ಕಂಪ್ಯೂಟರಿನಲ್ಲಿ ಕಂಡದ್ದನ್ನು ಪ್ರಕಟಿಸಿದರು. ಸೋನಿ ಬಿಎಂಜಿಯ ಸಂಗೀತ ಸಿಡಿಯೊಂದು ನಕಲು ತಡೆಯುವ ನೆಪದಲ್ಲಿ ಡ್ರೈವರ್ ಒಂದನ್ನು ಇಳಿಸಿ, ಅದರ ಮೂಲಕ ತನ್ನ ಕಡತಗಳನ್ನು ಕಾಣದಂತೆ ಅಡಗಿಸುತ್ತಿತ್ತು. ಒಳಮನೆಗೆ ಯಾರು ಬೇಕಾದರೂ ಬರಬಹುದೆಂಬುದು ಸಾಮಾನ್ಯ ಓದುಗರಿಗೂ ತಿಳಿಯಿತು. 2006ರ ಕೊನೆಯಲ್ಲಿ ಸಂಸ್ಥೆಗಳಿಗೆ, 2007ರ ಜನವರಿ 30ರಂದು ಎಲ್ಲರಿಗೂ ಸಿಕ್ಕ ವಿಸ್ತಾದ 64-ಬಿಟ್ ಆವೃತ್ತಿಯಲ್ಲಿ ಸಹಿಯಿಲ್ಲದ ಕರ್ನಲ್ ಡ್ರೈವರಿಗೆ ಬಾಗಿಲು ಮುಚ್ಚಿತು. 32-ಬಿಟ್ ಆವೃತ್ತಿಗೆ ವಿನಾಯಿತಿ ಇತ್ತು. ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳ ಒಡೆಯರು ಬಹುಕಾಲ 32-ಬಿಟ್‌ಗೇ ಅಂಟಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಬಾಗಿಲು ಮುಚ್ಚಿದ್ದೇ ತಡ, ಬಿರುಕು ಹುಡುಕುವವರೂ ಬಂದರು. ವಿಸ್ತಾ ಇನ್ನೂ ಪ್ರಯೋಗದಲ್ಲಿದ್ದ 2006ರ ಆಗಸ್ಟ್‌ನಲ್ಲೇ ಸಂಶೋಧಕಿ ಜೊವಾನ್ನಾ ರುಟ್ಕೋವ್ಸ್ಕಾ ಬ್ಲ್ಯಾಕ್ ಹ್ಯಾಟ್ ಭದ್ರತಾ ಸಮ್ಮೇಳನದಲ್ಲಿ ಈ ತಡೆಯನ್ನು ದಾಟಿ ತೋರಿಸಿದ್ದರು. 2007ರಲ್ಲಿ ಲಿಂಚ್‌ಪಿನ್ ಲ್ಯಾಬ್ಸ್ ‘ಅಟ್ಸಿವ್’ ಎಂಬ ಉಪಕರಣ ಹೊರತಂದಿತು. ಅದಕ್ಕೆ ಸರಿಯಾದ ಸಹಿ ಇತ್ತು, ಅದು ಮಾಡುತ್ತಿದ್ದ ಕೆಲಸ ಮಾತ್ರ ಸಹಿಯಿಲ್ಲದ ಡ್ರೈವರ್‌ಗಳನ್ನು ಒಳಗೆ ಬಿಡುವುದು. ಆ ಸಹಿಗೆ ಆಧಾರವಾದ ಪ್ರಮಾಣಪತ್ರವನ್ನು ಕೊಟ್ಟಿದ್ದ ವೆರಿಸೈನ್ ಅದನ್ನು ರದ್ದುಮಾಡಿತು.

ಈ ಇತಿಹಾಸದ ಅತಿ ದೊಡ್ಡ ಪಾಠ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ. 2010ರ ಜೂನ್‌ನಲ್ಲಿ ಬೆಲಾರೂಸಿನ ವೈರಸ್‌ಬ್ಲಾಕ್‌ಅಡಾ ಎಂಬ ಚಿಕ್ಕ ಸಂಸ್ಥೆ ಇರಾನಿನ ಗ್ರಾಹಕರೊಬ್ಬರ ಕಂಪ್ಯೂಟರ್ ಮತ್ತೆಮತ್ತೆ ಮರುಪ್ರಾರಂಭವಾಗುತ್ತಿದ್ದ ದೂರಿನ ಬೆನ್ನುಹತ್ತಿತ್ತು. ಸಿಕ್ಕಿದ್ದು ಎರಡು ಡ್ರೈವರ್ ಕಡತಗಳು. ಎರಡಕ್ಕೂ ತೈವಾನಿನ ರಿಯಲ್‌ಟೆಕ್ ಸಂಸ್ಥೆಯ ಅಸಲಿ ಸಹಿ! ಲೋಕದ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳ ಧ್ವನಿ, ಜಾಲದ ಚಿಪ್‌ಗಳು ರಿಯಲ್‌ಟೆಕ್‌ನವು. ಆ ಹೆಸರನ್ನು ಯಾರೂ ಸಂಶಯಿಸುವಂತಿರಲಿಲ್ಲ. ಜುಲೈ 16ರಂದು ಆ ಪ್ರಮಾಣಪತ್ರ ರದ್ದಾಯಿತು. ಮರುದಿನವೇ ಇಸೆಟ್ ಸಂಸ್ಥೆಯವರಿಗೆ ಇನ್ನೊಂದು ಡ್ರೈವರ್ ಸಿಕ್ಕಿತು. ಅದರ ಮೇಲೆ ಜೆಮೈಕ್ರಾನ್ ಸಂಸ್ಥೆಯ ಸಹಿ. ಎರಡೂ ಸಂಸ್ಥೆಗಳ ಕಚೇರಿಗಳು ತೈವಾನಿನ ಸಿನ್‌ಚು ವಿಜ್ಞಾನ ಪಾರ್ಕ್ ಎಂಬ ಒಂದೇ ಆವರಣದಲ್ಲಿದ್ದವು. ಗುಟ್ಟಿನ ಕೀಲಿಗಳೇ ಕಳುವಾಗಿದ್ದವೆಂದು ತಜ್ಞರು ತರ್ಕಿಸಿದರು. ಗುರಿ ಇರಾನಿನ ನತಾಂಜ್ ಯುರೇನಿಯಂ ಘಟಕವಾಗಿದ್ದರೂ ಸಿಮ್ಯಾಂಟೆಕ್ ಸಂಸ್ಥೆ ಎಣಿಸಿದ ಸೋಂಕಿತ ಕಂಪ್ಯೂಟರ್‌ಗಳಲ್ಲಿ ಸುಮಾರು ಶೇ. 8 ಭಾರತದಲ್ಲಿದ್ದವು, ಇರಾನ್, ಇಂಡೊನೇಷ್ಯಾಗಳ ನಂತರದ ಸ್ಥಾನ ನಮ್ಮದು. ರದ್ದತಿಗೂ ಮಿತಿಯುಂಟು. ಯಂತ್ರ ಏಳುವ ಹೊತ್ತಿಗೆ ಜಾಲಸಂಪರ್ಕವೇ ಇರದ ಕಾರಣ, ಕರ್ನಲ್ ರದ್ದತಿ ಪಟ್ಟಿಯನ್ನು ತರಿಸಿ ನೋಡುವುದಿಲ್ಲ.

ಸಹಿಗೆ ಮುಪ್ಪೂ ಬರುತ್ತದೆ. ಹ್ಯಾಶ್ ತೆಗೆಯುವ ಸೂತ್ರ ಹಳತಾದಂತೆ ನಕಲು ಮಾಡುವುದು ಸುಲಭ. 2012ರಲ್ಲಿ ಪತ್ತೆಯಾದ ಫ್ಲೇಮ್ ಎಂಬ ಕುತಂತ್ರಾಂಶ ಎಂಡಿ5 ಸೂತ್ರದ ದೌರ್ಬಲ್ಯ ಬಳಸಿ ಮೈಕ್ರೋಸಾಫ್ಟ್‌ನದೇ ಎನ್ನುವಂಥ ಪ್ರಮಾಣಪತ್ರ ಸೃಷ್ಟಿಸಿತ್ತು. ಮುಂದಿನ ಸೂತ್ರವಾದ ಶಾ-1ನ್ನೂ ಕೈಬಿಟ್ಟು ಎಲ್ಲರೂ ಶಾ-2ಕ್ಕೆ ಹೊರಟಾಗ ವಿಂಡೋಸ್ 7ರ ಬಳಕೆದಾರರು ವಿಚಿತ್ರ ತೊಡಕಿಗೆ ಸಿಕ್ಕಿಬಿದ್ದರು. ಡ್ರೈವರ್ ಹೊಸದು, ಸಹಿ ಅಸಲಿ, ಆದರೂ ಕೋಡ್ 52. ಹೊಸ ಸಹಿಯನ್ನು ಓದುವ ವಿದ್ಯೆ ಹಳೆಯ ಕರ್ನಲ್‌ಗೆ ಇರಲಿಲ್ಲ. 2015ರ ಮಾರ್ಚ್‌ನಲ್ಲಿ ಬಂದ ಕೆಬಿ3033929 ಎಂಬ ನವೀಕರಣ ಅದನ್ನು ಕಲಿಸಿತು. ಅಪ್‌ಡೇಟ್‌ಗಳನ್ನು ನಿಲ್ಲಿಸಿಟ್ಟಿದ್ದ ಯಂತ್ರಗಳಲ್ಲಿ ಜನ ಡ್ರೈವರನ್ನು ಹತ್ತು ಸಲ ತೆಗೆದು ಹಾಕಿ ದಣಿದರು. ದೋಷ ಡ್ರೈವರಿನದಲ್ಲ, ಓದುವವನದು ಎಂದು ಹೊಳೆಯುವುದು ಕಷ್ಟವೇ.

2016ರ ಆಗಸ್ಟ್‌ನಲ್ಲಿ ವಿಂಡೋಸ್ 10ರ 1607ನೇ ಆವೃತ್ತಿಯೊಂದಿಗೆ ನಿಯಮ ಮತ್ತಷ್ಟು ಬಿಗಿಯಾಯಿತು. ಹೊಸ ಕರ್ನಲ್ ಡ್ರೈವರಿಗೆ ತಯಾರಕರ ಸಹಿಯಷ್ಟೇ ಸಾಲದು, ಮೈಕ್ರೋಸಾಫ್ಟ್‌ಗೆ ಕಳಿಸಿ ಅದರ ಸಹಿಯನ್ನೂ ಪಡೆಯಬೇಕು. ವಿನಾಯಿತಿಗಳು ಮೂರು: ಹಳೆಯ ಆವೃತ್ತಿಯಿಂದ ಮೇಲೇರಿಸಿದ ಕಂಪ್ಯೂಟರ್, ಸೆಕ್ಯೂರ್ ಬೂಟ್ (ಯಂತ್ರ ಏಳುವಾಗಲೇ ಸಹಿಗಳನ್ನು ಪರೀಕ್ಷಿಸುವ ಕಾವಲು) ನಿಲ್ಲಿಸಿರುವ ಕಂಪ್ಯೂಟರ್, ಮತ್ತು 2015ರ ಜುಲೈ 29ಕ್ಕಿಂತ ಮೊದಲು ಕೊಟ್ಟ ಪ್ರಮಾಣಪತ್ರದಿಂದ ಸಹಿಯಾದ ಡ್ರೈವರ್. ಒಂದೇ ಕಚೇರಿಯ ಎರಡು ಕಂಪ್ಯೂಟರ್‌ಗಳ ಪೈಕಿ ಒಂದರಲ್ಲಿ ನಡೆಯುವ ಡ್ರೈವರ್ ಇನ್ನೊಂದರಲ್ಲಿ ನಡೆಯದ ಗುಟ್ಟು ಇಲ್ಲಿದೆ: ಒಂದು ವಿಂಡೋಸ್ 7ರಿಂದ ಏರಿದ್ದು, ಇನ್ನೊಂದಕ್ಕೆ ಹೊಸದಾಗಿ ವಿಂಡೋಸ್ ಹಾಕಿದ್ದು. ಮೂರನೆಯ ವಿನಾಯಿತಿ ಕಳ್ಳದಾರಿಯೂ ಆಯಿತು. ಸಹಿಯ ದಿನಾಂಕವನ್ನು ಹಿಂದಕ್ಕೆ ತಿದ್ದಿ ಕುತಂತ್ರಾಂಶ ತೂರಿಸುವ ಉಪಕರಣಗಳನ್ನು ಸಿಸ್ಕೋ ಟಾಲೋಸ್ ಭದ್ರತಾ ತಂಡ 2023ರ ಜುಲೈನಲ್ಲಿ ಬಯಲಿಗಿಟ್ಟಿತು.

ತೊಡಕು ಬಿಡಿಸುವವರು ಮೊದಲು ಕೇಳಬೇಕಾದ್ದು ಏನು ಬದಲಾಯಿತು ಎಂದು. ಡ್ರೈವರನ್ನು ತಯಾರಕರ ತಾಣದಿಂದಲೇ, ತಮ್ಮ ವಿಂಡೋಸ್ ಆವೃತ್ತಿಗೆ ತಕ್ಕದ್ದನ್ನೇ ಇಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಅರ್ಧಂಬರ್ಧ ಇಳಿದ ಕಡತದ ಹ್ಯಾಶ್ ಕ್ಯಾಟಲಾಗ್‌ನಲ್ಲಿ ಬರೆದದ್ದಕ್ಕೆ ಹೊಂದುವುದಿಲ್ಲ. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿಲ್ಲವೆಂದು, ಆ ಪಟ್ಟಿ ಇರುವ ಐಎನ್ಎಫ್ ಕಡತಕ್ಕೆ ತಾವೇ ಒಂದು ಸಾಲು ಸೇರಿಸುವವರಿಗೂ ಇದೇ ಗತಿ, ಒಂದು ಅಕ್ಷರ ತಿದ್ದಿದರೂ ಸಹಿ ಮುರಿಯುತ್ತದೆ. ಕಡತದ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟವಿಲ್ಲವೆಂದು ಕೂಡಲೇ ಅನುಮಾನಿಸಬಾರದು, ಸಹಿ ಕ್ಯಾಟಲಾಗ್‌ನಲ್ಲಿ ಇರಬಹುದು. ವಿಂಡೋಸ್ 98ರ ಕಾಲದಿಂದ ಇರುವ ಸಿಗ್‌ವೆರಿಫ್ ಉಪಕರಣ ಸಹಿಯಿಲ್ಲದ ಡ್ರೈವರ್‌ಗಳನ್ನು ಹುಡುಕಿ ಪಟ್ಟಿಮಾಡುತ್ತದೆ. ವಿಂಡೋಸ್ ಫೋಲ್ಡರಿನೊಳಗಿನ ಐಎನ್ಎಫ್ ಫೋಲ್ಡರಿನಲ್ಲಿ ‘ಸೆಟಪ್‌ಎಪಿಐ’ ಹೆಸರಿನ ದಿನಚರಿ ಕಡತವಿದೆ, ಡ್ರೈವರನ್ನು ತಿರಸ್ಕರಿಸಿದ ಕಾರಣ ಅಲ್ಲಿ ದಾಖಲಾಗಿರುತ್ತದೆ. ಬಹಳ ಜನ ತೆರೆದು ನೋಡದ, ಆದರೆ ಎಲ್ಲಕ್ಕಿಂತ ಹೆಚ್ಚು ಹೇಳುವ ಕಡತ ಅದು.

ಶಿಫ್ಟ್ ಒತ್ತಿ ರೀಸ್ಟಾರ್ಟ್ ಮಾಡಿ, ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 7ನ್ನು ಆರಿಸಿ ಸಹಿಯ ತಡೆಯನ್ನು ತೆಗೆಯುವ ದಾರಿಯೂ ಉಂಟು. ಅದರ ಪರಿಣಾಮ ಮುಂದಿನ ರೀಸ್ಟಾರ್ಟ್‌ವರೆಗೆ ಮಾತ್ರ, ಮರುದಿನ ಸಾಧನ ಮತ್ತೆ ಮುಷ್ಕರ ಹೂಡುತ್ತದೆ. ‘ಟೆಸ್ಟ್ ಸೈನಿಂಗ್’ ಕ್ರಮ ಡ್ರೈವರ್ ಬರೆಯುವವರಿಗಾಗಿ ಇರುವುದು. ಅದು ತೆರೆಯ ಮೂಲೆಯಲ್ಲಿ ‘ಟೆಸ್ಟ್ ಮೋಡ್’ ಎಂದು ಬರೆದುಕೊಂಡೇ ಇರುತ್ತದೆ, ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ ಹತ್ತುವುದೇ ಇಲ್ಲ. ಹಣದ ವ್ಯವಹಾರ ನಡೆಸುವ ಕಂಪ್ಯೂಟರಿನಲ್ಲಿ ಒಂದು ಹಳೆಯ ಪ್ರಿಂಟರಿಗಾಗಿ ಈ ಕಾವಲುಗಳನ್ನು ಕಾಯಂ ಆಗಿ ತೆಗೆದಿಡುವುದು ಸರಿಯಲ್ಲ. ಪ್ರಿಂಟರ್ ಬದಲಿಸುವುದೇ ಅಗ್ಗ.

ಬೇರೆ ವ್ಯವಸ್ಥೆಗಳೂ ಇದೇ ಹಾದಿ ಹಿಡಿದವು. ಆ್ಯಪಲ್ 2014ರ ಯೊಸೆಮಿಟಿಯಲ್ಲಿ ಸಹಿಯಿಲ್ಲದ ಕರ್ನಲ್ ವಿಸ್ತರಣೆಗಳನ್ನು ತಡೆದಾಗ, ಬೇರೆ ಕಂಪನಿಗಳ ಎಸ್‌ಎಸ್‌ಡಿಗಳಿಗೆ ಟ್ರಿಮ್ ಸೌಲಭ್ಯ ಕೊಡಲು ಕರ್ನಲ್ ಕಡತ ತಿದ್ದಿಕೊಂಡಿದ್ದವರ ಮ್ಯಾಕ್‌ಗಳು ಏಳದೆ ನಿಂತವು. ಮರುವರ್ಷ ಆ್ಯಪಲ್ಲೇ ‘ಟ್ರಿಮ್‌ಫೋರ್ಸ್’ ಆದೇಶ ಕೊಟ್ಟಿತು. ಲಿನಕ್ಸ್‌ನಲ್ಲಿ ಡ್ರೈವರ್‌ಗಳಂಥ ಭಾಗಗಳಿಗೆ ಮಾಡ್ಯೂಲ್ ಎಂದು ಹೆಸರು, ಅದರ ಕರ್ನಲ್‌ಗೆ ಮಾಡ್ಯೂಲ್ ಸಹಿ ಬಂದದ್ದು 2012ರ ಡಿಸೆಂಬರ್‌ನ 3.7ನೇ ಆವೃತ್ತಿಯಲ್ಲಿ. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ವರ್ಚುವಲ್‌ಬಾಕ್ಸ್ ಅಥವಾ ಎನ್‌ವಿಡಿಯಾ ಮಾಡ್ಯೂಲ್ ಹತ್ತದಿದ್ದರೆ, ಬಳಕೆದಾರರು ತಮ್ಮದೇ ಕೀಲಿ ತಯಾರಿಸಿ, ಮಾಕ್‌ಯುಟಿಲ್ ಮೂಲಕ ಯಂತ್ರಕ್ಕೆ ಪರಿಚಯಿಸಿ, ಮಾಡ್ಯೂಲ್‌ಗೆ ತಾವೇ ಸಹಿ ಹಾಕಬಹುದು. ಯಂತ್ರದ ಒಡೆಯರನ್ನು ಒಡೆಯರಾಗಿಯೇ ಕಾಣುವ ಈ ಪರಿಹಾರ ಎಲ್ಲಕ್ಕಿಂತ ಗೌರವದ್ದು.

ಸಹಿ ಇದ್ದ ಮಾತ್ರಕ್ಕೆ ಡ್ರೈವರ್ ಒಳ್ಳೆಯದೆನ್ನಲಾಗದು ಎಂಬುದಕ್ಕೆ ಇತ್ತೀಚಿನ ಉದಾಹರಣೆಗಳು ಸಾಲುಗಟ್ಟಿವೆ. 2020ರಲ್ಲಿ ರಾಬಿನ್‌ಹುಡ್ ಎಂಬ ಸುಲಿಗೆ ತಂತ್ರಾಂಶ ಗಿಗಾಬೈಟ್ ಸಂಸ್ಥೆಯ ಅಸಲಿ ಸಹಿಯ, ಆದರೆ ದೋಷವಿದ್ದ ಹಳೆಯ ಡ್ರೈವರನ್ನು ತಾನೇ ಹೊತ್ತುತಂದು, ಅದರ ದೋಷವನ್ನೇ ಬಾಗಿಲು ಮಾಡಿಕೊಂಡಿತು. ಇಂಥ ಡ್ರೈವರ್‌ಗಳ ತಡೆಪಟ್ಟಿ ವಿಂಡೋಸ್ 11ರ 2022ರ ನವೀಕರಣದಿಂದ ತಾನಾಗಿ ಜಾರಿಯಲ್ಲಿರುತ್ತದೆ. ಸಹಿ ಸರಿಯಿದ್ದೂ ಡ್ರೈವರ್ ಹತ್ತದ ಹೊಸ ತೊಡಕಿಗೆ ಅದು ಒಂದು ಕಾರಣ. ‘ಮೆಮೊರಿ ಇಂಟೆಗ್ರಿಟಿ’ ಎಂಬ ವಿಂಡೋಸ್ ಭದ್ರತಾ ಸೌಲಭ್ಯ ಇನ್ನೊಂದು. 2024ರ ಜುಲೈ 19ರಂದು ಭದ್ರತಾ ಸಂಸ್ಥೆ ಕ್ರೌಡ್‌ಸ್ಟ್ರೈಕ್‌ನ ಸಹಿಯುಳ್ಳ ಡ್ರೈವರ್ ತಪ್ಪು ದತ್ತಾಂಶ ಕಡತವೊಂದನ್ನು ಓದಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಆ ದಿನ ಪ್ರಯಾಣಿಕರ ಚೆಕ್-ಇನ್ ಕೈಕೆಲಸಕ್ಕೆ ಇಳಿಯಿತು. ಡ್ರೈವರಿಗೆ ಸಹಿಯಿತ್ತು, ಅದು ಓದಿದ ಕಡತ ಆ ಪರೀಕ್ಷೆಯ ಹೊರಗಿತ್ತು.

ಯಂತ್ರ ಏಳುವ ಹೊತ್ತಿನ ಸಹಿಗಳನ್ನು ಪರೀಕ್ಷಿಸಲು ಸೆಕ್ಯೂರ್ ಬೂಟ್ ನೆಚ್ಚಿಕೊಂಡಿರುವ, 2011ರಲ್ಲಿ ಹೊರಡಿಸಿದ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಅವುಗಳ ಜಾಗಕ್ಕೆ 2023ರ ಪ್ರಮಾಣಪತ್ರಗಳು ವಿಂಡೋಸ್ ಅಪ್‌ಡೇಟ್ ಮತ್ತು ತಯಾರಕರ ಫರ್ಮ್‌ವೇರ್ ಮೂಲಕ ಬರುತ್ತವೆ. ಅಪ್‌ಡೇಟ್ ನಿಲ್ಲಿಸಿಟ್ಟಿರುವ ಓದುಗರು ಅದನ್ನು ಮತ್ತೆ ತೆರೆಯಲಿ.