ಬೆಳ್ವೊಲ, ಪುಲಿಗೆರೆಗಳ ಮಲ್ಲಶ್ರಮ ಮತ್ತು ಎತ್ತರದ ಗಾಳಿ

ಗದಗ, ಲಕ್ಕುಂಡಿಗಳಿದ್ದ ಬೆಳ್ವೊಲ-300 ಮತ್ತು ಇಂದಿನ ಲಕ್ಷ್ಮೇಶ್ವರವೇ ಮುಖ್ಯ ಪಟ್ಟಣವಾಗಿದ್ದ ಪುಲಿಗೆರೆ-300 ಎಂಬ ನಾಡುಗಳು 12ನೆಯ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಆಳ್ವಿಕೆಯಲ್ಲಿದ್ದವು. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗವು ಜಟ್ಟಿಗಳ ತಾಲೀಮನ್ನು ಬಗೆಬಗೆಯ ‘ಶ್ರಮ’ಗಳಾಗಿ ವಿಂಗಡಿಸುತ್ತದೆ, ಭಾರ ಹೊರುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿಗಿಳಿದು ಈಸುವುದು ಸಲಿಲಶ್ರಮ, ಕಂಬದ ಮೇಲಿನ ಕಸರತ್ತು ಸ್ತಂಭಶ್ರಮ. ಅದು ಅರಮನೆಯ ಮಲ್ಲರ ಚಿತ್ರವಾದ್ದರಿಂದ ಅದರ ಪ್ರತಿಯೊಂದು ಸಾಲನ್ನೂ ಈ ಸೀಮೆಯ ಹಳ್ಳಿಯ ಗರಡಿಗೆ ಹೊಂದಿಸುವುದು ಅತಿಯಾದೀತು. ಆದರೂ ಸ್ನಾಯುವನ್ನು ಬೆಳೆಸುವ ಭಾರದ ಜೊತೆಗೆ ಹೃದಯ, ಶ್ವಾಸಕೋಶಗಳನ್ನು ಪಳಗಿಸುವ ನಡಿಗೆಗೂ ಈಜಿಗೂ ಅಲ್ಲಿ ಸ್ಥಾನ ಸಿಕ್ಕಿದ್ದು ಗಮನಾರ್ಹ.

ಹೃದಯ, ಶ್ವಾಸಕೋಶಗಳ ಇಂಥ ಶ್ರಮ ಬೆಟ್ಟ ಏರುವಾಗಲೂ ಕಾಣುತ್ತದೆ. ಇದೇ ಸೀಮೆಯ ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ಏರುವವನ ಎದೆ ಡವಗುಟ್ಟುವುದಕ್ಕೂ ಏದುಸಿರು ಬರುವುದಕ್ಕೂ ಕಾರಣ ಏರು ದಾರಿಯೇ ಹೊರತು ತೆಳುವಾದ ಗಾಳಿಯಲ್ಲ. ಆದರೆ ಇನ್ನೂ ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ; ಅದೇ ಕೆಲಸಕ್ಕೆ ಉಸಿರಾಟ ಬಿರುಸಾಗಿ ನಾಡಿ ಏರುತ್ತದೆ; ದೇಹವು ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವು ಸಾಮಾನ್ಯರಲ್ಲಿ 1500 ಮೀಟರ್ ದಾಟಿದ ಬಳಿಕ ಎದ್ದು ಕಾಣುವಂತೆ ಕುಗ್ಗುತ್ತದೆ. 2240 ಮೀಟರ್ ಎತ್ತರದ ಮೆಕ್ಸಿಕೊ ನಗರದಲ್ಲಿ 1968ರ ಒಲಿಂಪಿಕ್ಸ್ ನಡೆದಾಗ ದೂರದ ಓಟಗಳು ನಿಧಾನವಾದದ್ದೂ, ಗಾಳಿಯ ತಡೆ ತಗ್ಗಿದ್ದರಿಂದ ಚುಟುಕು ಓಟ ಮತ್ತು ಜಿಗಿತಗಳಲ್ಲಿ ದಾಖಲೆಗಳು ಮುರಿದದ್ದೂ ಇದಕ್ಕೆ ಸಾಕ್ಷಿ.

ಸುಮಾರು 650 ಮೀಟರ್ ಎತ್ತರದಲ್ಲಿರುವ ಗದಗದಲ್ಲಿ ಒತ್ತಡವು ಕಡಲತೀರಕ್ಕಿಂತ ಶೇ. 7ರಷ್ಟು ಮಾತ್ರ ಕಡಿಮೆಯಾದ್ದರಿಂದ ಸಾಧಾರಣ ಕುಸ್ತಿಪಟುವಿಗೆ ಅದರ ಅರಿವೇ ಆಗದು. ಆದರೆ 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒತ್ತಡ ತಗ್ಗಿಸಿದ ಕೋಣೆಯಲ್ಲಿ ಸುಮಾರು 580 ಮೀಟರ್ ಎತ್ತರದ ಸ್ಥಿತಿಯನ್ನು ಕಲ್ಪಿಸಿ ಪರೀಕ್ಷಿಸಿದಾಗ, ತರಬೇತಿಯಿಲ್ಲದವರಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ, ನುರಿತ ಸೈಕ್ಲಿಸ್ಟ್‌ಗಳ ಗರಿಷ್ಠ ಆಮ್ಲಜನಕ ಬಳಕೆ ಮಾತ್ರ ಸುಮಾರು ಶೇ. 7ರಷ್ಟು ಇಳಿಯಿತು. ಪಳಗಿದ ಹೃದಯವು ರಕ್ತವನ್ನು ಅಷ್ಟು ರಭಸದಿಂದ ದೂಡುವಾಗ ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಳ್ಳಲು ರಕ್ತಕ್ಕೆ ಸಮಯ ಸಾಲದೆ ಹೋಗುವುದು ಇದಕ್ಕೆ ಮುಖ್ಯ ಕಾರಣವೆನ್ನಲಾಗಿದೆ. ಆದ್ದರಿಂದ ಗದಗ-ಬೆಟಗೇರಿಯ ಒಬ್ಬ ಉತ್ತಮ ಸೈಕ್ಲಿಸ್ಟ್‌ನ ಗರಿಷ್ಠ ಆಮ್ಲಜನಕ ಬಳಕೆಯ ಅಳತೆಯನ್ನು ಊರಲ್ಲೇ ತೆಗೆದು, ಕಡಲತೀರದ ಕಾರವಾರದಲ್ಲಿ ಇನ್ನೊಬ್ಬನಿಂದ ತೆಗೆದ ಅಳತೆಯೊಂದಿಗೆ ನೇರವಾಗಿ ಹೋಲಿಸಿದರೆ ಗದಗಿನವನಿಗೆ ಅನ್ಯಾಯವಾದೀತು.