ಕರುಳಿನ ಉರಿಯೂ ನರಗಳ ನಂಟೂ

ನಮ್ಮ ಆಡುಮಾತಿನಲ್ಲಿ ಹೊಟ್ಟೆಗೂ ಮನಸ್ಸಿಗೂ ಹಳೆಯ ನಂಟು. ಅಸೂಯೆಯನ್ನು ಹೊಟ್ಟೆಕಿಚ್ಚು ಎನ್ನುತ್ತೇವೆ. ಮಗು ಅತ್ತರೆ ತಾಯಿಯ ಕರುಳು ಚುರುಕ್ ಎನ್ನುತ್ತದೆ. ಈ ನಂಟಿನಲ್ಲಿ ನಿಜವೆಷ್ಟು ಎಂಬುದನ್ನು ವಿಜ್ಞಾನ ಅರಸಿದ ಕಥೆ ದೀರ್ಘವಾದುದು. ಹೊಟ್ಟೆಯ ಒಳಗನ್ನು ಅಳೆದು ನೋಡುವ ಒಂದು ಪ್ರಯತ್ನ ನಮ್ಮ ಪುಣೆ ಜಿಲ್ಲೆಯಲ್ಲೇ ನಡೆಯಿತು.

1924ರಲ್ಲಿ ಸ್ವಾಮಿ ಕುವಲಯಾನಂದರು ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ ‘ಯೋಗ ಮೀಮಾಂಸಾ’ ಪತ್ರಿಕೆಯನ್ನು ಆರಂಭಿಸಿದರು. ನೌಲಿ ಮಾಡುವಾಗ ದೊಡ್ಡ ಕರುಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುವುದನ್ನು ಉಪಕರಣದಿಂದ ಅಳೆದು, ಅದಕ್ಕೆ ತಮ್ಮ ಗುರು ಮಾಧವದಾಸರ ಹೆಸರಿಟ್ಟರು. ಅದು ರೋಗಕ್ಕೆ ಮದ್ದಲ್ಲ, ಅಳತೆ ಅಷ್ಟೆ. ಆದರೆ ಕೇಳಿದ್ದನ್ನು ಪರೀಕ್ಷಿಸದೆ ನಂಬಬಾರದೆಂಬ ಪಾಠ ಅದರಲ್ಲಿತ್ತು.

ಆ ವೇಳೆಗೆ ಯೂರೋಪಿನವರು ಕರುಳಿನ ನರಗಳನ್ನು ಅಭ್ಯಾಸ ಮಾಡಿದ್ದರು. ಕರುಳಿನ ಗೋಡೆಯೊಳಗೇ ನರಗಳ ಬಲೆಯಿರುವುದನ್ನು ಜರ್ಮನಿಯ ಮೈಸ್ನರ್ ಮತ್ತು ಔಎರ್‌ಬಾಖ್ 19ನೆಯ ಶತಮಾನದಲ್ಲೇ ವರ್ಣಿಸಿದ್ದರು. 1921ರಲ್ಲಿ ಇಂಗ್ಲೆಂಡಿನ ಲ್ಯಾಂಗ್ಲಿ ಅದನ್ನು ಪ್ರತ್ಯೇಕ ನರವಿಭಾಗವೆಂದು ಎಣಿಸಿದರು.

ರೋಗಿಗಳಿಗೆ ಮಾತ್ರ ಇದರಿಂದ ಒಡನೆ ನ್ಯಾಯ ಸಿಗಲಿಲ್ಲ. ದೊಡ್ಡ ಕರುಳು ಹುಣ್ಣಾಗಿ ರಕ್ತಭೇದಿಯಾಗುವ ಕಾಯಿಲೆಯನ್ನು ಷಿಕಾಗೋದ ಫ್ರಾಂಜ್ ಅಲೆಗ್ಸಾಂಡರ್ 1950ರ ತಮ್ಮ ಗ್ರಂಥದಲ್ಲಿ ಮನೋದೈಹಿಕ ರೋಗಗಳ ಸಾಲಿಗೆ ಸೇರಿಸಿದರು. ನೋವುಂಡವರೇ ತಪ್ಪಿತಸ್ಥರಂತಾದರು.

2000ದಲ್ಲಿ ನ್ಯೂಯಾರ್ಕಿನ ಕೆವಿನ್ ಟ್ರೇಸಿ ಮತ್ತು ಸಂಗಡಿಗರು, ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರವನ್ನು ಇಲಿಗಳಲ್ಲಿ ವಿದ್ಯುತ್ತಿನಿಂದ ಪ್ರಚೋದಿಸಿದಾಗ ಉರಿಯೂತ ತಗ್ಗಿದ್ದನ್ನು ವರದಿ ಮಾಡಿದರು. ಸೋಂಕಿನೊಡನೆ ಹೋರಾಡುವ ರಕ್ಷಕ ಕಣಗಳ ಆರ್ಭಟವನ್ನು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಅಡಗಿಸುತ್ತದೆಂದು ಗೊತ್ತಾಯಿತು. ದಾರಿ ಒಮ್ಮುಖವಲ್ಲ, ಉರಿಯೂತವೂ ನರಗಳನ್ನು ಕೆಣಕುತ್ತದೆ. ಹುಣ್ಣು ಮಾಯ್ದ ಮೇಲೂ ಕೆಲವರಿಗೆ ನೋವು ಉಳಿಯಲು ಇದೂ ಒಂದು ಕಾರಣ.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಹೊಟ್ಟೆ ಕೆಟ್ಟರೆ ‘ಇಲ್ಲಿಯ ನೀರು ಒಗ್ಗಲಿಲ್ಲ’ ಎನ್ನುತ್ತಾರೆ. ಅದು ತಿಂಗಳುಗಟ್ಟಲೆ ಎಳೆದರೆ ‘ಎಲ್ಲ ಮನಸ್ಸಿನದು, ಚಿಂತೆ ಬಿಡು’ ಎನ್ನುತ್ತಾರೆ. ಚಿಂತೆ ನೋವನ್ನು ಹೆಚ್ಚಿಸಬಹುದು, ಆದರೆ ನೋವು ಸುಳ್ಳಲ್ಲ. ಮಲದಲ್ಲಿ ರಕ್ತ ಕಂಡರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ಬೇಕಾದದ್ದು ಬುದ್ಧಿವಾದವಲ್ಲ, ವೈದ್ಯರ ಪರೀಕ್ಷೆ. ಯೋಗಾಭ್ಯಾಸದಿಂದ ಮನಸ್ಸಿಗೆ ನೆಮ್ಮದಿ ಸಿಕ್ಕರೆ ಸಂತೋಷ. ಔಷಧಿಯನ್ನು ಮಾತ್ರ ಬಿಡಬಾರದು.